ಬ್ಯಾಟರಿಯೊಳಗಿನ ಕರಿಯ ಪುಡಿಯ ವಿಷಯವಾಗಿ ಒಂದು ಪಾಠ



ಈ ಸ್ಮರಣ ಸಂಚಿಕೆಗಾಗಿ ನಾನು ಆರಿಸಿಕೊಂಡ ಪಾಠದ ವಸ್ತುವು ನಿಮ್ಮೆಲ್ಲರ ಕೈಯಲ್ಲಿಯೇ ಇರುವಂಥದು. ಮೊಬೈಲ್ ಫೋನು, ಕರೆಂಟು ಹೋದಾಗ ಮಕ್ಕಳು ಓದುವ ದೀಪ, ಈಗೀಗ ಅಸುಂಡಿಯ ಓಣಿಗಳಲ್ಲಿಯೂ ಸದ್ದಿಲ್ಲದೆ ಓಡುವ ವಿದ್ಯುತ್ ಸ್ಕೂಟರು, ಇವುಗಳೆಲ್ಲವುಗಳ ಹೊಟ್ಟೆಯಲ್ಲಿ ಲಿಥಿಯಂ-ಅಯಾನು ಬ್ಯಾಟರಿಯೆಂಬ ಒಂದೇ ಜಾತಿಯ ಕೋಶವು ಕುಳಿತಿರುತ್ತದೆ. ಆ ಕೋಶಕ್ಕೆ ಎರಡು ಧ್ರುವಗಳುಂಟು. ಅವುಗಳಲ್ಲಿ ಆನೋಡ್ ಎಂದು ಹೆಸರಾದ ಒಂದರ ಸಂಗತಿಯನ್ನು ಮಾತ್ರ ಇಲ್ಲಿ ಹೇಳುವೆನು. ಯಾಕೆಂದರೆ ಬ್ಯಾಟರಿಯು ಎಷ್ಟು ವರ್ಷ ಬಾಳುವದು, ಎಷ್ಟು ಬೇಗ ತುಂಬುವದು, ಬೆಂಕಿಯ ಅಪಾಯದಿಂದ ಎಷ್ಟು ದೂರವಿರುವದು ಎಂಬವು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿವೆ. ಅಲ್ಲದೆ ಇದರ ಸುಧಾರಣೆಯ ಕೆಲಸವು ದೂರದೇಶಗಳಲ್ಲಿ ಮಾತ್ರ ನಡೆಯುವಂಥದಾಗಿರದೆ, ನಮ್ಮ ರೈಲುದಾರಿಯ ಕೊನೆಯಲ್ಲಿರುವ ಬಳ್ಳಾರಿ ಸೀಮೆಗೂ ಬೆಂಗಳೂರಿಗೂ ಬಂದು ಮುಟ್ಟಿರುತ್ತದೆ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ವಿದ್ಯುದ್ವಿಭಜನೆಯ ಪಾಠವನ್ನು ಕಲಿತವರು ಆನೋಡ್ ಅಂದರೆ ಧನಧ್ರುವವೆಂದು ಬಾಯಿಪಾಠ ಮಾಡಿರುತ್ತೀರಿ. ಅದು ಹೊರಗಿನಿಂದ ವಿದ್ಯುತ್ತನ್ನು ಹಾಯಿಸುವಾಗಿನ ಮಾತು. ಯಾವ ಧ್ರುವದಿಂದ ಎಲೆಕ್ಟ್ರಾನುಗಳು ಹೊರಗಿನ ತಂತಿಯೊಳಕ್ಕೆ ಹೊರಡುತ್ತವೆಯೋ ಅದೇ ಆನೋಡ್ ಎಂಬದು ಅದರ ನಿಜವಾದ ಲಕ್ಷಣ. ಬ್ಯಾಟರಿಯು ತಾನೇ ವಿದ್ಯುತ್ತನ್ನು ಕೊಡುತ್ತಿರುವಾಗ ಎಲೆಕ್ಟ್ರಾನುಗಳು ಋಣಧ್ರುವದಿಂದ ಹೊರಡುವದರಿಂದ, ಬ್ಯಾಟರಿಯ ಕೆಲಸದವರು ಋಣಧ್ರುವವನ್ನೇ ಯಾವಾಗಲೂ ಆನೋಡ್ ಎಂದು ಕರೆಯುವರು. ನಾನೂ ಮುಂದೆ ಋಣಧ್ರುವವೆಂದೇ ಬರೆಯುವೆನು.

ಕೋಶದ ರಚನೆಯು ಬಹಳ ಸರಳವಾದದ್ದು. ಕಾಗದಕ್ಕಿಂತ ತೆಳ್ಳಗಿನ ತಾಮ್ರದ ಹಾಳೆಗೆ ಒಂದು ಕರಿಯ ಪುಡಿಯನ್ನು ಅಂಟಿನೊಡನೆ ಕಲಸಿ ಬಳಿದಿರುವರು, ಇದೇ ಋಣಧ್ರುವ. ಅಲ್ಯೂಮಿನಿಯಮಿನ ಹಾಳೆಗೆ ಲಿಥಿಯಂ ಕೂಡಿದ ಒಂದು ಲೋಹಸಂಯುಕ್ತವನ್ನು ಬಳಿದಿರುವರು, ಇದು ಧನಧ್ರುವ. ಎರಡರ ನಡುವೆ ಸಣ್ಣ ರಂಧ್ರಗಳುಳ್ಳ ಪರದೆಯೊಂದನ್ನಿಟ್ಟು, ಚಾಪೆಯ ಹಾಗೆ ಸುತ್ತಿ, ಎಲೆಕ್ಟ್ರೋಲೈಟ್ ಎಂಬ ದ್ರವದಿಂದ ನೆನೆಸಿ ಮುಚ್ಚುವರು. ಬ್ಯಾಟರಿಯನ್ನು ತುಂಬುವಾಗ ಲಿಥಿಯಂ ಅಯಾನುಗಳು ಧನಧ್ರುವವನ್ನು ಬಿಟ್ಟು, ದ್ರವದಲ್ಲಿ ಹಾದು, ಪರದೆಯನ್ನು ದಾಟಿ ಕರಿಯ ಪುಡಿಯೊಳಕ್ಕೆ ಸೇರಿಕೊಳ್ಳುವವು. ಎಲೆಕ್ಟ್ರಾನುಗಳು ಹೊರಗಿನ ತಂತಿಯ ದಾರಿಯಿಂದ ಅಲ್ಲಿಗೇ ಬರುವವು. ನಾವು ಫೋನನ್ನು ಬಳಸುವಾಗ ಎರಡೂ ತಮ್ಮತಮ್ಮ ದಾರಿ ಹಿಡಿದು ಮರಳುವವು. ತೊಟ್ಟಿಲು ತೂಗಿದ ಹಾಗೆ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಸಾವಿರಾರು ಸಲ ಇದು ನಡೆಯಬೇಕು.

ಆ ಕರಿಯ ಪುಡಿಯು ಗ್ರಾಫೈಟು. ಮಕ್ಕಳು ಬರೆಯುವ ಪೆನ್ಸಿಲಿನ ಕಡ್ಡಿಯಲ್ಲಿರುವದೂ ಅದೇ. ಹಿರಿಯರು ಅದನ್ನು ಸೀಸದ ಕಡ್ಡಿಯೆಂದು ಕರೆದರೂ ಅದರಲ್ಲಿ ಸೀಸವು ಲವಲೇಶವೂ ಇಲ್ಲ, ಅದು ಇಂಗಾಲವೇ. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಆರಾರು ಮೂಲೆಗಳ ಬಲೆಯಾಗಿ ಹರಡಿ, ಒಂದರ ಮೇಲೊಂದು ಪದರಾಗಿ ಕುಳಿತಿವೆ. ಪದರುಗಳ ನಡುವಿನ ಹಿಡಿತವು ಸಡಿಲವಾಗಿರುವದರಿಂದಲೇ ಪೆನ್ಸಿಲು ಕಾಗದದ ಮೇಲೆ ಗೆರೆ ಬಿಡುವದು. ಆ ಸಂದುಗಳಲ್ಲಿಯೇ ಲಿಥಿಯಂ ಬಂದು ಇಳಿದುಕೊಳ್ಳುವದು. ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಂ ಎಂಬದು ಅದರ ತುಂಬುಲೆಕ್ಕ. ಪೂರ್ಣ ತುಂಬಿದಾಗಲೂ ಗ್ರಾಫೈಟು ಉಬ್ಬುವದು ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಅತಿಥಿಯು ಬಂದರೂ ಹೋದರೂ ಮನೆಯ ಗೋಡೆ ಬಿರಿಯುವದಿಲ್ಲ. ಈ ಒಂದು ಗುಣವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವದೆಲ್ಲವೂ ಇದರ ಸುತ್ತಲೇ ತಿರುಗುವದು.

ಇಂಗಾಲವನ್ನು ಬಿಟ್ಟು ಲಿಥಿಯಂ ಲೋಹವನ್ನೇ ಋಣಧ್ರುವವಾಗಿ ಇಡಬಾರದೇಕೆ ಎಂದು ಜಾಣ ಹುಡುಗಿಯರು ಕೇಳುವದುಂಟು. ಮೊದಲು ಹಾಗೆಯೇ ಮಾಡಿದರು. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬ ವಿಜ್ಞಾನಿಯು ಅಮೇರಿಕೆಯ ಎಕ್ಸಾನ್ ಕಂಪನಿಯಲ್ಲಿ ಲಿಥಿಯಂ ಲೋಹದ ಋಣಧ್ರುವವುಳ್ಳ, ಮತ್ತೆ ಮತ್ತೆ ತುಂಬಬಹುದಾದ ಕೋಶವನ್ನು ಕಟ್ಟಿದನು. ಆದರೆ ಲಿಥಿಯಂ ಲೋಹವು ಹೋದ ಜಾಗಕ್ಕೆ ಸಮನಾಗಿ ಮರಳಿ ಕೂಡ್ರುವದಿಲ್ಲ. ಪ್ರತಿಸಲ ತುಂಬುವಾಗಲೂ ಅಲ್ಲಲ್ಲಿ ಜಾಲಿಮುಳ್ಳಿನಂತೆ ಕೊನರಿ ಬೆಳೆದು, ಒಂದು ದಿನ ಪರದೆಯನ್ನು ಚುಚ್ಚಿ ಧನಧ್ರುವವನ್ನು ಮುಟ್ಟುವದು. ಆಗ ಕೋಶದೊಳಗೇ ವಿದ್ಯುತ್ತು ಅಡ್ಡಹಾದು ಬೆಂಕಿ ಹತ್ತುವದು. 1989ರಲ್ಲಿ ಕೆನಡಾ ದೇಶದ ಮೋಲಿ ಎನರ್ಜಿ ಎಂಬ ಕಂಪನಿಯ ಇಂಥ ಬ್ಯಾಟರಿಗಳು ಜಪಾನಿನಲ್ಲಿ ಫೋನುಗಳೊಳಗೆ ಹೊತ್ತಿದ ಕಾರಣ ಅವುಗಳನ್ನೆಲ್ಲ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು.

ಈ ಅಪಾಯಕ್ಕೆ ಪರಿಹಾರವನ್ನು ಇಂಗಾಲವೇ ಒದಗಿಸಿತು. 1980ರಲ್ಲಿ ಫ್ರಾನ್ಸಿನ ಗ್ರನೋಬ್ಲ್ ಪಟ್ಟಣದಲ್ಲಿ ರಶೀದ್ ಯಜಾಮಿ ಎಂಬ ಮೊರೊಕ್ಕೋ ಮೂಲದ ತರುಣನು ಗ್ರಾಫೈಟಿನ ಪದರುಗಳಲ್ಲಿ ಲಿಥಿಯಂ ಹೋಗಿ ಮರಳಬಲ್ಲದೆಂದು ತೋರಿಸಿದನು. ಅದೇ ವರ್ಷ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್ಇನಫ್ ಧನಧ್ರುವಕ್ಕೆ ಕೋಬಾಲ್ಟ್ ಆಕ್ಸೈಡನ್ನು ಕಂಡುಕೊಟ್ಟನು. 1985ರಲ್ಲಿ ಜಪಾನಿನ ಅಕಿರಾ ಯೋಶಿನೋ ಆ ಧನಧ್ರುವದ ಎದುರಿಗೆ ಪೆಟ್ರೋಲಿಯಂ ಕೋಕ್ ಎಂಬ ಇಂಗಾಲವನ್ನಿಟ್ಟು ಇಂದಿನ ಬ್ಯಾಟರಿಯ ಮೂಲರೂಪವನ್ನು ಸಿದ್ಧಮಾಡಿದನು; 1991ರಲ್ಲಿ ಸೋನಿ ಕಂಪನಿಯು ಅದನ್ನು ಪೇಟೆಗೆ ತಂದಿತು. 2019ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ವಿಟಿಂಗ್‌ಹ್ಯಾಮ್, ಗುಡ್ಇನಫ್, ಯೋಶಿನೋ ಈ ಮೂವರಿಗೆ ಸಂದಿತು. ಮೂವರಿಗಿಂತ ಹೆಚ್ಚು ಜನರಿಗೆ ಆ ಬಹುಮಾನವನ್ನು ಹಂಚುವಂತಿಲ್ಲವೆಂಬ ನಿಯಮವಿದ್ದರೂ, ಯಜಾಮಿಯ ಹೆಸರು ಹೊರಗುಳಿದದ್ದು ನನಗೆ ಸರಿದೋರುವದಿಲ್ಲ.

ಯೋಶಿನೋ ಗ್ರಾಫೈಟನ್ನು ಬಿಟ್ಟು ಕೋಕನ್ನು ಯಾಕೆ ಆರಿಸಿದನು? ಇದರ ಉತ್ತರವು ತಾಯಂದಿರಿಗೆ ಬಲು ಬೇಗ ತಿಳಿಯುವಂಥದು. ಹಾಲನ್ನು ಕಾಸಿಟ್ಟಾಗ ಮೇಲೆ ಕೆನೆ ಕಟ್ಟುವದಷ್ಟೆ. ಋಣಧ್ರುವದ ಮೇಲೆಯೂ ಮೊದಲ ಸಲ ತುಂಬುವಾಗ ಎಲೆಕ್ಟ್ರೋಲೈಟು ಸ್ವಲ್ಪ ಒಡೆದು ಹೀಗೆಯೇ ಒಂದು ತೆಳ್ಳಗಿನ ಪೊರೆ ಕಟ್ಟುವದು. ಈ ಪೊರೆಯು ಲಿಥಿಯಂ ಅಯಾನನ್ನು ಹಾಯಗೊಡುವದು, ದ್ರವವನ್ನು ತಡೆಯುವದು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಪ್ರೊಪಿಲೀನ್ ಕಾರ್ಬೊನೇಟ್ ಎಂಬ ದ್ರವದಲ್ಲಿ ಗ್ರಾಫೈಟಿನ ಮೇಲೆ ಒಳ್ಳೆಯ ಪೊರೆ ಕಟ್ಟದೆ, ದ್ರವವೇ ಸಂದುಗಳಲ್ಲಿ ನುಗ್ಗಿ ಪದರುಗಳನ್ನು ಉಳ್ಳಾಗಡ್ಡೆಯ ಸಿಪ್ಪೆಯ ಹಾಗೆ ಸುಲಿದುಹಾಕುತ್ತಿತ್ತು. ಎಥಿಲೀನ್ ಕಾರ್ಬೊನೇಟ್ ಎಂಬ ಅದರ ಸೋದರ ದ್ರವವನ್ನು ಬೆರೆಸಿದರೆ ಪೊರೆಯು ಗಟ್ಟಿಯಾಗುವದೆಂದು 1990ರಲ್ಲಿ ಪ್ರಕಟವಾಯಿತು. ಅದನ್ನು ಕಂಡುಹಿಡಿದವರು ಬೆಂಕಿಯಿಂದ ಹೆಸರು ಕೆಟ್ಟಿದ್ದ ಆ ಮೋಲಿ ಕಂಪನಿಯ ಕೆಲಸದವರೇ ಎಂಬದು ಗಮನಿಸತಕ್ಕ ಸಂಗತಿ. ಆ ಮೇಲೆ ಗ್ರಾಫೈಟು ಎಲ್ಲೆಡೆಯಲ್ಲಿಯೂ ನೆಲೆಯೂರಿತು.

ಈಗ ಸ್ವಲ್ಪ ಗಣಿತ. ನಿಮ್ಮ ಫೋನಿನ ಡಬ್ಬಿಯ ಮೇಲೆ 5000 ಎಂ.ಎ.ಎಚ್. ಎಂದು ಬರೆದಿರುವದನ್ನು ನೋಡಿರುವಿರಿ. ಮಿಲಿಆಂಪಿಯರ್-ಗಂಟೆ ಎಂಬದು ಅದರ ವಿಸ್ತಾರ. ಒಂದು ಗ್ರಾಂ ಗ್ರಾಫೈಟು ಹೆಚ್ಚೆಂದರೆ 372 ಮಿಲಿಆಂಪಿಯರ್-ಗಂಟೆಯನ್ನು ಹಿಡಿಯಬಲ್ಲದು. 5000ವನ್ನು 372ರಿಂದ ಭಾಗಿಸಿರಿ, 13.4 ಬರುವದು. ಅಂದರೆ ಹದಿಮೂರುವರೆ ಗ್ರಾಮಿನಷ್ಟಾದರೂ ಗ್ರಾಫೈಟು ನಿಮ್ಮ ಅಂಗೈಯಲ್ಲಿದೆ. ವಾಹನಗಳಿಗೆ ದೊಡ್ಡ ಲೆಕ್ಕ ಬೇಕು: ಕರೆಂಟಿನ ಬಿಲ್ಲಿನಲ್ಲಿ ಬರುವ ಒಂದು ಯೂನಿಟನ್ನು ಕೂಡಿಡುವದಕ್ಕೆ ಸುಮಾರು ಒಂದು ಕಿಲೋಗ್ರಾಂ. ಮೂರು ಯೂನಿಟಿನ ಸ್ಕೂಟರಿಗೆ ಮೂರು ಕಿಲೋ, ಐವತ್ತು ಯೂನಿಟಿನ ಕಾರಿಗೆ ಐವತ್ತು ಕಿಲೋ. ನಮ್ಮ ಕಪ್ಪತಗುಡ್ಡದ ಸೀಮೆಯ ಗಾಳಿಯಂತ್ರಗಳು ಮಳೆಗಾಲದ ಬಿರುಗಾಳಿಯಲ್ಲಿ ಹುಟ್ಟಿಸುವ ವಿದ್ಯುತ್ತಿನಲ್ಲಿ ಒಂದು ಪಾಲನ್ನಾದರೂ ಇಂಥ ಕೋಶಗಳಲ್ಲಿ ಕೂಡಿಡಬೇಕೆಂದರೆ ಎಷ್ಟು ಗ್ರಾಫೈಟು ಬೇಕಾದೀತೆಂಬದನ್ನು ವಿದ್ಯಾರ್ಥಿನಿಯರೇ ಲೆಕ್ಕ ಹಾಕಲಿ.

ಇಷ್ಟೊಂದು ಗ್ರಾಫೈಟು ಎಲ್ಲಿಂದ ಬರಬೇಕು? ಲೋಕದ ಬ್ಯಾಟರಿಗಳಿಗೆ ಬೇಕಾಗುವ ಶುದ್ಧ ಗ್ರಾಫೈಟಿನ ಬಹುದೊಡ್ಡ ಪಾಲನ್ನು ಚೀನ ದೇಶವೊಂದೇ ಸಿದ್ಧಪಡಿಸುತ್ತದೆ. 2023ರ ಡಿಸೆಂಬರಿನಿಂದ ಅದನ್ನು ಹೊರದೇಶಕ್ಕೆ ಕಳಿಸಲು ಅಲ್ಲಿಯ ಸರಕಾರವು ಪರವಾನಿಗೆಯ ಕಟ್ಟುಪಾಡನ್ನು ಮಾಡಿತು. ಆದಕಾರಣ ಪ್ರತಿಯೊಂದು ದೇಶವೂ ತನ್ನಲ್ಲಿಯೇ ಇದನ್ನು ಮಾಡುವ ದಾರಿಯನ್ನು ಹುಡುಕತೊಡಗಿದೆ. ಭಾರತದಲ್ಲಿ ಆ ದಾರಿ ತೆರೆದ ಸ್ಥಳಗಳಲ್ಲಿ ಒಂದು ನಮಗೆ ನೆರೆಯದೇ. ಗದಗಿನಿಂದ ಕೊಪ್ಪಳ, ಹೊಸಪೇಟೆಗಳ ಮೇಲೆ ಬಳ್ಳಾರಿಗೆ ರೈಲಿನಲ್ಲಿ ಹೋದವರು ಬಳ್ಳಾರಿಗಿಂತ ಮುಂಚೆ ತೋರಣಗಲ್ಲಿನಲ್ಲಿ ಉಕ್ಕಿನ ಕಾರಖಾನೆಯ ಹೊಗೆಗೊಳವೆಗಳನ್ನು ಕಂಡಿರುವಿರಿ. ಉಕ್ಕನ್ನು ಮಾಡಲು ಕಲ್ಲಿದ್ದಲನ್ನು ಗಾಳಿಯಿಲ್ಲದ ಒಲೆಗಳಲ್ಲಿ ಕಾಸಿ ಕೋಕ್ ಮಾಡುವರು. ಆಗ ಕಲ್ಲಿದ್ದಲಿನಿಂದ ಡಾಂಬರಿನಂಥ ಕರಿಯ ಜಿಗುಟು ರಸವು ಹೊರಬೀಳುವದು. ಈ ರಸವನ್ನು ಭಟ್ಟಿಯಿಳಿಸುವ ಎಪ್ಸಿಲಾನ್ ಕಂಪನಿಯವರು 2020ರಲ್ಲಿ ಅದೇ ಸ್ಥಳದಲ್ಲಿ ಅದರಿಂದ ಬ್ಯಾಟರಿಯ ಋಣಧ್ರುವದ ವಸ್ತುವನ್ನು ತಯಾರಿಸುವ ಕೆಲಸಕ್ಕೆ ಕೈಹಾಕಿದರು. ಉಕ್ಕಿನ ಒಲೆಯ ಉಳಿಕೆಯು ಫೋನಿನ ಒಡಲಿಗೆ ಬರುವ ಬಗೆಯಿದು.

ರಸದಿಂದ ಗ್ರಾಫೈಟಾಗುವ ಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. ರಸವನ್ನು ಭಟ್ಟಿಯಿಳಿಸಿದ ಮೇಲೆ ಉಳಿಯುವ ಗಷ್ಟನ್ನು ಕಾಸಿ ಗಟ್ಟಿ ಕೋಕನ್ನಾಗಿ ಮಾಡಿ, ನುಣ್ಣಗೆ ಬೀಸಿ, ಕಣಗಳನ್ನು ಗಾತ್ರಕ್ಕೆ ಸರಿಯಾಗಿ ವಿಂಗಡಿಸುವರು. ಈ ಹಂತದಲ್ಲಿ ಅದು ಇಂಗಾಲವೇ ಹೌದು, ಆದರೆ ಪದರುಗಳು ಗಾಳಿಗೆ ಚೆದರಿದ ಒಣಗಿದೆಲೆಗಳ ಹಾಗೆ ಅಡ್ಡಾದಿಡ್ಡಿಯಾಗಿರುವವು. ಅದನ್ನು ವಿದ್ಯುತ್ ಕುಲುಮೆಯಲ್ಲಿ ಸುಮಾರು 3000 ಡಿಗ್ರಿ ಸೆಲ್ಸಿಯಸ್ ವರೆಗೆ ಕಾಸಿದರೆ ಪದರುಗಳು ತಾವಾಗಿ ಒಂದರ ಮೇಲೊಂದು ಸರಿಯಾಗಿ ಕೂಡ್ರುವವು. ಕಬ್ಬಿಣವು ಕರಗುವದು 1538 ಡಿಗ್ರಿಗೆ. ಇದು ಅದಕ್ಕೂ ಇಮ್ಮಡಿಯ ಹತ್ತಿರ. ಈ ಶಾಖಕ್ಕೆ ತಗಲುವ ವಿದ್ಯುತ್ತೇ ಈ ಉದ್ಯೋಗದ ದೊಡ್ಡ ಖರ್ಚು. ಆ ವಿದ್ಯುತ್ತು ಕಲ್ಲಿದ್ದಲಿನಿಂದಲೇ ಬಂದರೆ, ಹೊಗೆಯಿಲ್ಲದ ಗಾಡಿಯ ಸಲುವಾಗಿ ಹೊಗೆ ಹುಟ್ಟಿಸಿದ ಹಾಗಾಗುವದು. ಇದನ್ನು ಈ ಉದ್ಯೋಗದ ಹೊಗಳಿಕೆಯಲ್ಲಿ ಯಾರೂ ಮರೆಮಾಚಬಾರದು.

ಗ್ರಾಫೈಟು ಇಷ್ಟು ಯೋಗ್ಯವಾದದ್ದಾಗಿದ್ದರೆ ಅದನ್ನು ಬದಲಿಸುವ ಯತ್ನ ಯಾಕೆ? 372 ಎಂಬ ಮೇರೆಯನ್ನು ಅದು ದಾಟಲಾರದು. ಸಿಲಿಕಾನ್ ಎಂಬ ಮೂಲವಸ್ತುವಾದರೋ, ನದಿಯ ಮರಳಿನಲ್ಲಿ ಆಮ್ಲಜನಕದೊಡನೆ ಕೂಡಿಕೊಂಡಿರುವದು, ಗ್ರಾಮಿಗೆ ಸುಮಾರು 3600ನ್ನು ಹಿಡಿಯಬಲ್ಲದು. ಫೋನಿನ 5000ಕ್ಕೆ ಒಂದೂವರೆ ಗ್ರಾಮಿನ ಒಳಗೇ ಸಾಕಾಯಿತು! ಆದರೆ ಇಷ್ಟು ಲಿಥಿಯಮನ್ನು ನುಂಗಿದ ಸಿಲಿಕಾನು ಮೊದಲಿನ ಗಾತ್ರಕ್ಕೆ ನಾಲ್ಕು ಪಟ್ಟಿನ ಹತ್ತಿರ ಉಬ್ಬುವದು, ಬಿಟ್ಟಾಗ ಕುಗ್ಗುವದು. ಇದರ ಫಲವನ್ನು ನಮ್ಮ ಸೀಮೆಯ ರೈತರಿಗೆ ಹೇಳಿಕೊಡಬೇಕಾದದ್ದಿಲ್ಲ. ಎರೆಭೂಮಿಯು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವದನ್ನೂ, ಅದರ ಮೇಲೆ ಹಗುರಾದ ಬುನಾದಿ ಹಾಕಿ ಕಟ್ಟಿದ ಗೋಡೆ ಎರಡು ವರ್ಷದಲ್ಲಿ ಸೀಳುವದನ್ನೂ ನೋಡಿದವರು ನೀವು. ಸಿಲಿಕಾನಿನ ಕಣವು ಹಾಗೆಯೇ ಬಿರಿದು ಪುಡಿಯಾಗುವದು. ತಾಮ್ರದ ಹಾಳೆಯಿಂದ ಕಳಚಿಕೊಳ್ಳುವದು. ಅದಕ್ಕಿಂತ ಹೆಚ್ಚಿನ ಕೇಡೆಂದರೆ, ಬಿರುಕು ಬಿಟ್ಟಲ್ಲೆಲ್ಲ ಹೊಸ ಮೈ ತೆರೆದು ಹೊಸ ಕೆನೆ ಕಟ್ಟುವದು. ಹಾಲಿನ ಕೆನೆಯನ್ನು ತೆಗೆದಷ್ಟೂ ಮತ್ತೆ ಕಟ್ಟಿ ಹಾಲೇ ತೀರಿಹೋಗುವಂತೆ, ಇಲ್ಲಿ ಲಿಥಿಯಮೂ ದ್ರವವೂ ಸವೆಯುತ್ತ ಹೋಗಿ ಕೋಶವು ಸಾಯುವದು. ಆದಿತ್ಯವಾರದ ಶಾಲೆಯಲ್ಲಿ ಹಳೆಯ ಬುದ್ದಲಿಗಳ ಸಾಮ್ಯವನ್ನು ಕಲಿತವರಿಗೆ ಇದರ ಅರ್ಥ ಸುಲಭವಾಗಿ ಹೊಳೆದೀತು.

ಇದಕ್ಕೆ ಹೂಡಿದ ಉಪಾಯಗಳು ಬಹಳ ರಮ್ಯವಾಗಿವೆ. 2008ರಲ್ಲಿ ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಯಿ ಚುಯಿ ಮತ್ತು ಅವರ ಸಂಗಡಿಗರು ಸಿಲಿಕಾನನ್ನು ಅತಿ ಸೂಕ್ಷ್ಮವಾದ ಎಳೆಗಳಾಗಿ ಹುಲ್ಲಿನ ಹಾಗೆ ಬೆಳೆಸಿದರು. ಎಳೆಗಳ ನಡುವೆ ತೆರಪಿರುವದರಿಂದ ಉಬ್ಬಿದರೂ ಒಂದನ್ನೊಂದು ಒತ್ತವು. ಕಣವು ಒಂದು ಮೇರೆಗಿಂತ ಚಿಕ್ಕದಾದರೆ, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ ಅವುಗಳಲ್ಲಿ ಸುಮಾರು 150 ಪಾಲಿನಷ್ಟಾದರೆ, ಅದು ಬಿರಿಯುವದೇ ಇಲ್ಲವೆಂದು ಆಮೇಲೆ ತಿಳಿದುಬಂತು. ಬೇರೆ ಕೆಲವರು ರಂಧ್ರಗಳುಳ್ಳ ಇಂಗಾಲದೊಳಗೆ ಸಿಲಿಕಾನನ್ನು ತುಂಬಿ ಉಬ್ಬುವದಕ್ಕೆ ಒಳಗೇ ಎಡೆ ಬಿಟ್ಟರು. ಅಂಟನ್ನು ಬದಲಿಸಿದವರೂ ಉಂಟು: ಸಮುದ್ರದ ಕಂದುಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟು ಸಿಲಿಕಾನನ್ನು ಹಳೆಯ ಅಂಟಿಗಿಂತ ಚೆನ್ನಾಗಿ ಹಿಡಿದಿಡುವದೆಂದು 2011ರಲ್ಲಿ ಪ್ರಕಟವಾಯಿತು. ಆದರೂ ಪೇಟೆಯ ಎಷ್ಟೋ ಕೋಶಗಳಲ್ಲಿ ಇಂದಿಗೂ ಗ್ರಾಫೈಟಿನೊಳಗೆ ನೂರಕ್ಕೆ ಐದೋ ಹತ್ತೋ ಪಾಲು ಸಿಲಿಕಾನನ್ನು ಬೆರೆಸುವರಷ್ಟೇ, ಹಿಟ್ಟಿಗೆ ಉಪ್ಪು ಹಾಕಿದ ಹಾಗೆ. ನನ್ನ ಅಭಿಪ್ರಾಯದಲ್ಲಿ ಇದು ಸೋಲೇನೂ ಅಲ್ಲ. ಬಳಕೆಯ ಲೋಕದಲ್ಲಿ ಸುಧಾರಣೆಯು ಬಹುತರವಾಗಿ ಬೆರಕೆಯಿಂದಲೇ ಸಾಗುವದು.

ಲಿಥಿಯಂ ಟೈಟನೇಟ್ ಎಂಬ ಇನ್ನೊಂದು ವಸ್ತುವು ತುಂಬಿದರೂ ಉಬ್ಬುವದೇ ಇಲ್ಲ. ಬಹಳ ಬೇಗ ತುಂಬುವದು, ಬಹುಕಾಲ ಬಾಳುವದು. ಆದರೆ ಗ್ರಾಮಿಗೆ 175ರಷ್ಟೇ ಹಿಡಿಯುವದು, ಕೋಶದ ವೋಲ್ಟೇಜೂ ತಗ್ಗುವದು. ಬೇಗ ತುಂಬುವ ಈ ಗುಣದ ಬೆನ್ನುಹತ್ತಿದವರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಲೇರ್ ಗ್ರೇ ಎಂಬ ಮಹಿಳೆಯ ಹೆಸರನ್ನು ನಮ್ಮ ಹುಡುಗಿಯರು ತಿಳಿದಿರಬೇಕು. ಕೆಲಸ ಮಾಡುತ್ತಿರುವ ಬ್ಯಾಟರಿಯನ್ನು ಒಡೆಯದೆಯೇ ಅದರೊಳಗೆ ಲಿಥಿಯಂ ಎಲ್ಲಿ ಹೇಗಿದೆಯೆಂದು ಕಾಂತಶಕ್ತಿಯ ಉಪಕರಣದಿಂದ ನೋಡುವ ವಿದ್ಯೆಯನ್ನು ಬೆಳೆಸಿದವರಲ್ಲಿ ಅವರು ಮುಖ್ಯರು. 2018ರಲ್ಲಿ ಅವರೂ ಸಂಗಡಿಗರೂ ನಿಯೋಬಿಯಂ ಮತ್ತು ಟಂಗ್‌ಸ್ಟನ್ ಕೂಡಿದ ಆಕ್ಸೈಡುಗಳಲ್ಲಿ ಲಿಥಿಯಂ ಅತಿ ವೇಗದಿಂದ ಚಲಿಸುವದೆಂದು ತೋರಿಸಿದರು.

ಇನ್ನು ಬೆಂಗಳೂರಿನ ಮಾತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಗ ಫಣಿ ಏತುಕೂರಿ ಎಂಬ ಅಧ್ಯಾಪಕರ ತಂಡವು ಲಿಥಿಯಂ ಲೋಹದ ಹಳೆಯ ಮುಳ್ಳಿನ ಪ್ರಶ್ನೆಯನ್ನೇ ಮತ್ತೆ ಕೈಗೆತ್ತಿಕೊಂಡಿತು. ದ್ರವಕ್ಕೆ ಬದಲಾಗಿ ಘನವಾದ ಎಲೆಕ್ಟ್ರೋಲೈಟನ್ನು ಇಟ್ಟಿತು. ಲೋಹದಲ್ಲಿ ಮೊದಲು ಸಣ್ಣ ಟೊಳ್ಳುಗಳಾಗಿ, ಅವುಗಳ ಅಂಚಿನಲ್ಲಿ ವಿದ್ಯುತ್ತು ಒತ್ತಿಬಂದು ಮುಳ್ಳು ಹುಟ್ಟುವದೆಂದೂ, ನಡುವೆ ಟಂಗ್‌ಸ್ಟನಿನಂಥ ಲೋಹದ ಅತಿ ತೆಳ್ಳಗಿನ ಲೇಪವನ್ನಿಟ್ಟರೆ ಮುಳ್ಳು ಹುಟ್ಟುವದು ತಡವಾಗುವದೆಂದೂ ಅವರು 2022ರಲ್ಲಿ ಪ್ರಕಟಿಸಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೇಮಕುಮಾರ ಸೆಂಗುಟ್ಟುವನ್ ಅವರ ತಂಡವು ಲಿಥಿಯಮನ್ನೇ ಬಿಟ್ಟು ಉಪ್ಪಿನಲ್ಲಿರುವ ಸೋಡಿಯಮಿನ ಕಡೆಗೆ ತಿರುಗಿತು. ಇದಕ್ಕೆ ಕಾರಣವೂ ಸ್ಪಷ್ಟ: ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿತೆಂದು ಬಹಳ ಸುದ್ದಿಯಾದರೂ, 2023ರಲ್ಲಿ ಸರಕಾರವು ತಿಳಿಸಿದ ಅಂದಾಜು 1600 ಟನ್ ಮಾತ್ರ, ಉಪ್ಪಾದರೋ ಸಮುದ್ರದ ತುಂಬ ಇದೆ. ಆದರೆ ಸೋಡಿಯಮಿಗೆ ಗ್ರಾಫೈಟಿನ ಸಂದು ಒಗ್ಗುವದಿಲ್ಲವಾದ್ದರಿಂದ ಋಣಧ್ರುವಕ್ಕೆ ಬೇರೆ ವಸ್ತುವೇ ಬೇಕು. ಅವರು ನಿಯೋಬಿಯಂ ಮತ್ತು ವನೇಡಿಯಂ ಕೂಡಿದ ಫಾಸ್ಫೇಟೊಂದನ್ನು ತೆಗೆದುಕೊಂಡು, ಕಣಗಳನ್ನು ಅತಿ ಸೂಕ್ಷ್ಮಗೊಳಿಸಿ, ಇಂಗಾಲದ ತೆಳ್ಳನೆಯ ಹೊದಿಕೆ ಹೊದಿಸಿ, ತುಸು ಅಲ್ಯೂಮಿನಿಯಮನ್ನು ಸೇರಿಸಿದರು. ಆರು ನಿಮಿಷಗಳಲ್ಲಿ ನೂರಕ್ಕೆ ಎಂಭತ್ತರಷ್ಟು ತುಂಬುವ, ಮೂರು ಸಾವಿರ ಸಲಕ್ಕೂ ಹೆಚ್ಚು ತುಂಬಿ ಬಳಸಬಹುದಾದ ಕೋಶವಾಯಿತೆಂದು 2025ರಲ್ಲಿ ತಿಳಿಸಲಾಯಿತು. ಪ್ರಯೋಗಶಾಲೆಯ ಕೋಶವು ಅಂಗಡಿಗೆ ಬರುವ ದಾರಿ ಉದ್ದವೆಂಬದನ್ನು ಸೋನಿಯ ಕಥೆಯೇ ತೋರಿಸುತ್ತದೆ.

ಮನೆಯ ಹಿತಕ್ಕಾಗಿ ಎರಡು ಮಾತು. ಬ್ಯಾಟರಿಯನ್ನು ಮಿತಿಮೀರಿದ ವೇಗದಲ್ಲಿ ತುಂಬಿದರೆ ಅಯಾನುಗಳು ಗ್ರಾಫೈಟಿನ ಸಂದುಗಳಲ್ಲಿ ಇಳಿಯುವಷ್ಟು ಹೊತ್ತು ಸಿಗದೆ, ಹೊಸ್ತಿಲಲ್ಲಿಯೇ ಲೋಹವಾಗಿ ಕೂಡ್ರುವವು. ಹಳೆಯ ಮುಳ್ಳಿನ ಅಪಾಯವು ಹಿಂಬಾಗಿಲಿನಿಂದ ಬರುವದು. ಆದಕಾರಣ ಆಯಾ ಯಂತ್ರಕ್ಕೆ ಕೊಟ್ಟ ಚಾರ್ಜರನ್ನೇ ಬಳಸಿರಿ. ಬಿಸಿಲಿನಲ್ಲಿ ಓಡಿಬಂದ ಸ್ಕೂಟರನ್ನು ತಣಿಯಗೊಟ್ಟು ತುಂಬಿರಿ. ರಾತ್ರಿ ಎಲ್ಲರೂ ಮಲಗಿರುವಾಗ ಹೊರಬಾಗಿಲಿನ ಅಡ್ಡಕ್ಕೆ ಅದನ್ನು ತುಂಬಲು ಇಡಬೇಡಿರಿ. ಉಬ್ಬಿದ ಫೋನಿನ ಬ್ಯಾಟರಿಯಲ್ಲಿರುವದು ದ್ರವವು ಒಡೆದು ಹುಟ್ಟಿದ ಅನಿಲ. ಅದನ್ನು ಒತ್ತುವದೂ ಚುಚ್ಚುವದೂ ಪ್ರಾಣಕ್ಕೆ ಅಪಾಯಕರ.

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಕೆಲವರು ಪಾಲಕರು ನನ್ನ ಕೋಣೆಗೆ ಬಂದು, ‘ಅಕ್ಕಾವ್ರೇ, ಹುಡುಗಿಗೆ ರಸಾಯನಶಾಸ್ತ್ರ ತೊಗೊಂಡು ಏನಾಗಬೇಕಾಗೇದ? ಗದಗಕ್ಕ ದಿನಾ ಹೋಗಿ ಬರೋದು ಬ್ಯಾರೆ’ ಎಂದು ಕೇಳುವದುಂಟು. ಬಸ್ಸಿನ ತೊಂದರೆ ನಿಜವಾದದ್ದು. ಅದನ್ನು ನಾನು ಹಗುರಾಗಿ ಎಣಿಸುವದಿಲ್ಲ. ಆದರೆ ರಸಾಯನಶಾಸ್ತ್ರದ ಕೆಲಸವು ಸೀಮೆಯಾಚೆಯದೆಂಬ ಮಾತು ಈಗ ನಿಲ್ಲುವದಿಲ್ಲ. ಕಣದ ಗಾತ್ರವನ್ನು ಅಳೆಯುವದು, ಪದರು ಸರಿಯಾಗಿ ಕೂತಿದೆಯೇ ಎಂದು ಕ್ಷಕಿರಣದಿಂದ ಪರೀಕ್ಷಿಸುವದು, ಅಂಟಿನ ಪಾಕವನ್ನು ನೋಡುವದು, ಕೋಶವನ್ನು ಸಾವಿರ ಸಲ ತುಂಬಿ ಬರಿದುಮಾಡಿ ಲೆಕ್ಕವಿಡುವದು, ಇವು ಈ ಉದ್ಯೋಗದ ದಿನನಿತ್ಯದ ಕೆಲಸಗಳು. ಇವುಗಳಿಗೆ ತಾಳ್ಮೆಯೂ ಶುದ್ಧವಾದ ಕೈಯೂ ಬೇಕು, ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಬಿಟ್ಟವಳಿಗೆ ಆ ಬಾಗಿಲು ಮತ್ತೆ ತೆರೆಯುವದು ಬಹು ಕಷ್ಟ.

ಗ್ರಾಫೈಟಿಗೂ ಬರಿಯ ಇದ್ದಿಲಿಗೂ ಇರುವ ಭೇದವನ್ನು ಎಂಟನೆಯ ತರಗತಿಯ ಹುಡುಗಿಯರು ನಮ್ಮ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸುವರು. ಎರಡು ಟಾರ್ಚ್ ಸೆಲ್ಲು, ಒಂದು ಚಿಕ್ಕ ಎಲ್.ಇ.ಡಿ. ದೀಪ, ಎರಡೂ ತುದಿ ಕೆತ್ತಿದ ಪೆನ್ಸಿಲು, ಒಲೆಯಿಂದ ತಂದ ಒಂದು ಇದ್ದಿಲಿನ ತುಂಡು, ಇಷ್ಟೇ ಸಾಮಗ್ರಿ. ಪೆನ್ಸಿಲಿನ ಕಡ್ಡಿಯ ಮೂಲಕ ದೀಪ ಹತ್ತುವದು, ಇದ್ದಿಲಿನ ಮೂಲಕ ಹತ್ತುವದಿಲ್ಲ. ಎರಡೂ ಇಂಗಾಲವೇ. ನೋಡಬಯಸುವ ತಾಯಿತಂದೆಗಳು ಶನಿವಾರ ಮುಂಜಾನೆಯ ಶಾಲೆ ಬಿಡುವ ಹೊತ್ತಿಗೆ ಬರಬಹುದು. ಪೆನ್ಸಿಲು ನಮ್ಮಲ್ಲಿಯೇ ಇವೆ, ಇದ್ದಿಲನ್ನು ಮಾತ್ರ ಮನೆಯಿಂದ ತರಬೇಕು.